ಬಿಡಿಸಬಾರದ ಕೊಡೆ

ನನ್ನ ಚಿಕ್ಕಮ್ಮ ಕಳವು ಮಾಡುತ್ತಿದ್ದಳು. ನಾನು ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕುಮಟೆ, ಹೊನ್ನಾವರ, ಭಟ್ಕಳ ಮೂರೂ ಊರುಗಳಲ್ಲಿ ಸಾಕ್ಷಿಗಳಿದ್ದಾರೆ. ವಿಚಿತ್ರವೆಂದರೆ ಸಾಕ್ಷಿಗಳೆಲ್ಲ ಇವತ್ತಿಗೂ ಅವಳನ್ನು ಹೊಗಳುವವರೇ!

ಅವಳು ಕದಿಯುತ್ತಿದ್ದುದು ಗಿಡದ ಕಡ್ಡಿಗಳನ್ನು. ದಾಸವಾಳ, ನಂದಿಬಟ್ಟಲು, ಕ್ರೋಟನ್, ಯಾವುದಾದರೂ ಸರಿ. ಕೇಳಿದ್ದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಕೇಳಿ ತಂದ ಕಡ್ಡಿ ಬದುಕುವುದಿಲ್ಲ, ಕದ್ದು ತಂದದ್ದು ಮಾತ್ರ ಚಿಗುರುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ನಂಬಿಕೆ. ಉಳಿದವರು ಅದನ್ನು ನಂಬುತ್ತಿದ್ದರು, ಚಿಕ್ಕಮ್ಮ ಆಚರಿಸುತ್ತಿದ್ದಳು.

ಅವಳ ಗಂಡ, ಅಂದರೆ ನಮ್ಮ ಚಿಕ್ಕಪ್ಪ, ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಕಚೇರಿಯ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವರಲ್ಲ. ಒಮ್ಮೆ ಅಂಗಿಯ ತೋಳಿಗೆ ಸಿಕ್ಕಿಕೊಂಡು ಒಂದು ಬಂದುಬಿಟ್ಟಿತ್ತು. ಮರುದಿನ ಕಾಗದದಲ್ಲಿ ಸುತ್ತಿ ವಾಪಸು ಒಯ್ದರು. ಇಂಥವರ ಹೆಂಡತಿ ಬೇಲಿಯ ಬಳಿ ನಿಧಾನವಾದಳೆಂದರೆ ಅವರು ಹತ್ತು ಹೆಜ್ಜೆ ಮುಂದೆ ಹೋಗಿ ಆಕಾಶ ನೋಡುತ್ತ ನಿಲ್ಲುತ್ತಿದ್ದರು. "ಎಂತ ನೋಡ್ತಿದ್ರಿ?" ಎಂದು ಯಾರಾದರೂ ಕೇಳಿದರೆ, "ಮೋಡ" ಎನ್ನುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ!

ಕದ್ದ ಮಾಲು ಇಡುವ ಜಾಗ ಅವಳ ಕೊಡೆ. ಡೊಂಕು ಹಿಡಿಯ ಉದ್ದನೆಯ ಕಪ್ಪು ಕೊಡೆ. ಮಡಚಿದ ಬಟ್ಟೆಯ ಒಳಗೆ ಕಡ್ಡಿಗಳನ್ನು ಇಳಿಬಿಟ್ಟರೆ ಎದುರಿನವರಿಗೆ ಎಲೆಯ ತುದಿಯೂ ಕಾಣದು. ತೊಂದರೆ ಒಂದೇ. ಮಳೆ ಬಂದರೆ ಕೊಡೆಯನ್ನು ಬಿಡಿಸುವಂತಿಲ್ಲ! ಒಂದು ಆಷಾಢದಲ್ಲಿ ಹೊನ್ನಾವರದ ಬಸ್ ನಿಲ್ದಾಣದಲ್ಲಿ ಅವಳು ತೊಯ್ದು ತೊಪ್ಪೆಯಾಗಿ, ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. ಕಂಡಕ್ಟರಿಗೆ ತಡೆಯಲಾಗಲಿಲ್ಲ.

"ಅಮಾ, ಕೊಡೆ ಹಾಳಾಗಿದ್ಯಾ ಎಂತ?"

"ಇಲ್ಲ ಮಾರಾಯಾ, ಹೊಸತು. ಒದ್ದೆ ಆಗ್ತದೆ ಹೇಳಿ ಬಿಡಿಸ್ಲಿಲ್ಲ."

ಚಿಕ್ಕಪ್ಪನಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಹಾಗಾಗಿ ಚಿಕ್ಕಮ್ಮನ ಬದುಕೆಲ್ಲ ಬಾಡಿಗೆ ಮನೆಗಳಲ್ಲೇ ನಡೆಯಿತು. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಕಾಲೇಜಿಗೆಂದು ಕುಮಟೆಯಲ್ಲಿ ಅವರ ಮನೆಯಲ್ಲೇ ಇದ್ದೆ. ಆ ಮನೆಯ ಮಾಲೀಕರು ಕೀಲಿಕೈ ಕೊಡುವಾಗಲೇ ಹೇಳಿದ್ದರು: "ಗೋಡೆಗೆ ಒಂದು ಮೊಳೆ ಹೊಡೂಕಿಲ್ಲ." ನಮಗೆಲ್ಲ ಅದು ನಿಯಮ. ಚಿಕ್ಕಮ್ಮನಿಗೆ ಮಾತ್ರ ಅದು ಪಂಥಾಹ್ವಾನ. ನಾಲ್ಕು ದಿನ ಗೋಡೆ ನೋಡಿದಳು, ತಲೆಯೆತ್ತಿ ಹೆಂಚಿನ ಮಾಡು ನೋಡಿದಳು. ಐದನೆಯ ದಿನ ಮೀನು ಮಾರುವವಳ ಹತ್ತಿರ ಮಾತಾಡುತ್ತಿದ್ದವಳು ಒಳಗೆ ಬಂದು, "ಹೋಯ್, ನನಗೊಂದು ಹೊಳೀತು" ಎಂದಳು.

ಆ ಮಾತು ಕೇಳಿದ ಕೂಡಲೇ ಚಿಕ್ಕಪ್ಪ ತಾವು ಕುಳಿತ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಅವಳಿಗೆ ಹೊಳೆದಾಗಲೆಲ್ಲ ಮೊದಲು ಸ್ಥಳಾಂತರವಾಗುತ್ತಿದ್ದುದು ಅದೇ ಕುರ್ಚಿ, ಹಲವು ಸಲ ಅವರ ಸಮೇತ!

ಆ ಸಲ ಹೊಳೆದದ್ದು ಹರಿದ ಬಲೆ. ಮೀನಿನವಳು ತಂದುಕೊಟ್ಟ ಹಳೆಯ ಬಲೆಯನ್ನು ಅಂಟುವಾಳಕಾಯಿಯಲ್ಲಿ ಏಳು ಸಲ ತೊಳೆದು, ಮೊಳೆಯಿಲ್ಲದೆ, ಮಾಡಿನ ಮರದ ಪಕಾಸಿಯಿಂದ ಪಕಾಸಿಗೆ ಹಗ್ಗದಲ್ಲಿ ಕಟ್ಟಿ ಇಳಿಬಿಟ್ಟಳು. ಏಳು ಸಲ ತೊಳೆದದ್ದು ನಮ್ಮ ಮೂಗಿಗೆ ಸಾಕಾಯಿತು. ಬೆಕ್ಕುಗಳ ಮೂಗಿಗೆ ಸಾಕಾಗಲಿಲ್ಲ. ಸಂಜೆಯೊಳಗೆ ಕೇರಿಯ ಬೆಕ್ಕುಗಳೆಲ್ಲ ನಮ್ಮ ಜಗುಲಿಯಲ್ಲಿ ಸಾಲಾಗಿ ಕುಳಿತು ಭಕ್ತಿಯಿಂದ ಮೇಲೆ ನೋಡುತ್ತಿದ್ದವು. "ನೋಡಿ, ಅವಕ್ಕಾದ್ರೂ ಚಂದ ಅಂದ್ರೆ ಎಂತ ಹೇಳಿ ಗೊತ್ತುಂಟು" ಎಂದಳು ಚಿಕ್ಕಮ್ಮ.

ಸುದ್ದಿ ಕೇಳಿ ಮಾಲೀಕರು ಜಗಳಕ್ಕೇ ಬಂದರು. ಹೊತ್ತು ಮುಳುಗಿತ್ತು. ಚಿಕ್ಕಮ್ಮ ದೀಪ ಹಾಕಿದಳು. ಬಲೆಯ ನೆರಳು ನಾಲ್ಕೂ ಗೋಡೆಗಳ ಮೇಲೆ ಬಿದ್ದು, ಗಾಳಿಗೆ ಅಲ್ಲಾಡಿ, ಇಡೀ ಕೋಣೆ ನೀರಿನೊಳಗೆ ಮುಳುಗಿದ ಹಾಗಾಯಿತು. ಮಾಲೀಕರು ಎತ್ತಿದ ಕೈಯನ್ನು ಇಳಿಸಲು ಮರೆತು ನಿಂತರು. ಎಷ್ಟೋ ಹೊತ್ತಿನ ಮೇಲೆ, "ಮೊಳೆ ಹೊಡೀಲಿಲ್ಲ ಅಲ್ದಾ?" ಎಂದು ಮೆಲ್ಲಗೆ ಕೇಳಿ ಹೋದವರು, ಹೆಂಡತಿಯನ್ನು ಕರೆದುಕೊಂಡು ಮತ್ತೆ ಬಂದರು. ಆ ಗೋಡೆಗಳಲ್ಲಿ ನಾನು ದಿನಾ ಸುಣ್ಣದ ಕಲೆಗಳನ್ನಷ್ಟೇ ನೋಡಿದ್ದೆ. ಅದೇ ಗೋಡೆಗಳಲ್ಲಿ ಇವಳಿಗೆ ಸಮುದ್ರ ಹೇಗೆ ಕಂಡಿತು?

ಹೊನ್ನಾವರದ ಮನೆಯ ಅಂಗಳ ಬರೀ ಹೊಯಿಗೆ, ಎಲ್ಲಿ ಕಾಲಿಟ್ಟರೂ ಮರಳು. ಅಲ್ಲಿ ಅವಳಿಗೆ ಬಾಗಿಲಿನಿಂದ ಬಾವಿಯವರೆಗೆ ಬಳಚು ಎಂಬ ಚಿಪ್ಪುಮೀನಿನ ಚಿಪ್ಪು ಹಾಸಿದ ಬಿಳಿಯ ದಾರಿ ಹೊಳೆಯಿತು. ಚಿಪ್ಪು ಬೇಕೆಂದರೆ ಮೊದಲು ಒಳಗಿನ ಬಳಚನ್ನು ಯಾರಾದರೂ ತಿನ್ನಬೇಕಲ್ಲ? ನಾನು ರಜೆಗೆ ಹೋಗಿ ಸಿಕ್ಕಿಬಿದ್ದೆ. ಬೆಳಿಗ್ಗೆ ಬಳಚಿನ ಸಾರು, ಮಧ್ಯಾಹ್ನ ಬಳಚಿನ ಸುಕ್ಕ, ರಾತ್ರಿ ಬೆಳಗಿನ ಸಾರು. ಹದಿನೈದನೆಯ ದಿನ ಚಿಕ್ಕಪ್ಪ ಬಟ್ಟಲ ಮುಂದೆ ಕುಳಿತು, ಕಿಟಕಿಯಿಂದ ಬಾವಿಯ ದೂರವನ್ನು ಕಣ್ಣಲ್ಲೇ ಅಳೆದು ಕೇಳಿದರು: "ಇನ್ನೆಷ್ಟು ಮೊಳ ತಿನ್ಬೇಕೇ?"

"ಆರೇ ಆರು. ಈಗ ನೀರು ಕುಡೀಬೇಡಿ, ಹೊಟ್ಟೆ ತುಂಬ್ತದೆ."

ಆ ದಾರಿಯನ್ನು ಬೆಳದಿಂಗಳಲ್ಲಿ ನೋಡಿದ ಮೇಲೆ ನಾವು ಮೂವರೂ ಅವಳನ್ನು ಕ್ಷಮಿಸಿದೆವು. ನಾನು, ಚಿಕ್ಕಪ್ಪ ಮತ್ತು ನಮ್ಮ ಹೊಟ್ಟೆ.

ಭಟ್ಕಳದಲ್ಲಿ ಅವಳ ಕಳವಿನ ಗುಟ್ಟು ಬಯಲಾಯಿತು. ಪಕ್ಕದ ಮನೆಯ ನವಾಯತ ಮುಸ್ಲಿಂ ಹೆಂಗಸನ್ನು ಅವಳು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದಳು. ಆಪಾನ ಹಿತ್ತಲಿನಲ್ಲಿ ಒಂದು ದಾಸವಾಳವಿತ್ತು. ಎಸಳು ಬೆಣ್ಣೆ ಬಿಳುಪು, ನಡುವೆ ಕುಂಕುಮ ಅದ್ದಿದಂಥ ಕೆಂಪು. ಒಂದು ದಿನ ಚಿಕ್ಕಮ್ಮ ಹಿತ್ತಲಿಂದ ಬಂದು ಚಾ ಕುಡಿಯುತ್ತಿದ್ದಾಗ ಆಪಾ ಉಪಚಾರಕ್ಕೆಂದು ಅವಳ ಒದ್ದೆ ಕೊಡೆಯನ್ನು ಒಣಗಲಿ ಎಂದು ಬಿಡಿಸಿದರು. ದಡಬಡನೆ ಐದು ಕಡ್ಡಿಗಳು ಚಾಪೆಯ ಮೇಲೆ! ಚಿಕ್ಕಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಆಪಾ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ತಂಗಿ, ಇದನ್ನು ನಾನೇ ಕೊಟ್ಟೆ ಅಂದ್ಕೋ" ಎಂದರು.

"ಅಯ್ಯೋ, ಕೊಡಬೇಡಿ ಆಪಾ, ಸತ್ತು ಹೋಗ್ತದೆ!" ಎಂದು ಚಿಕ್ಕಮ್ಮ ಅಳುವ ಹಾಗೆ ಕೂಗಿದಳು.

ಆಪಾ ಒಂದು ಕ್ಷಣ ಯೋಚಿಸಿದರು. ಆಮೇಲೆ, "ಒಲೆ ಮೇಲೆ ಹಾಲು ಇಟ್ಟಿದ್ದೆ, ಉಕ್ಕಿತೋ ಎಂತೋ" ಎನ್ನುತ್ತ ಬೆನ್ನು ತಿರುಗಿಸಿ ಒಳಗೆ ಹೋದರು. ಚಿಕ್ಕಮ್ಮ ಐದೂ ಕಡ್ಡಿಗಳನ್ನು ಮತ್ತೊಮ್ಮೆ ಕದ್ದಳು. ಐದೂ ಚಿಗುರಿದವು. ಅಂದಿನಿಂದ ಆ ಮನೆಯಲ್ಲಿ ಚಿಕ್ಕಮ್ಮ ಬಂದಾಗಲೆಲ್ಲ ಒಲೆಯ ಮೇಲೆ ಹಾಲು ಇರುತ್ತಿತ್ತು.

ವರ್ಗವಾದಾಗ ಅವಳು ಒಂದು ಗಿಡವನ್ನೂ ಕೀಳುತ್ತಿರಲಿಲ್ಲ. ಹೊರಡುವ ದಿನ ಎಲ್ಲಕ್ಕೂ ನೀರು ಹಾಕಿ, ಕೊಡಪಾನ ಮಗುಚಿಟ್ಟು, ಲಾರಿಯ ಮುಂದಿನ ಸೀಟಿನಲ್ಲಿ ಮುಂದಕ್ಕೆ ನೋಡುತ್ತ ಕೂರುತ್ತಿದ್ದಳು. "ಬೇಜಾರಾಗೂದಿಲ್ವಾ ಚಿಕ್ಕಮ್ಮಾ?" ಎಂದು ನಾನೊಮ್ಮೆ ಕೇಳಿದ್ದೆ. "ನಮ್ದೇ ಮನೆ ಒಂದು ಆಗ್ಲಿ, ಆವಾಗ ನೋಡು" ಎಂದಿದ್ದಳು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಆ ಮನೆಯ ಅಂಗಳವನ್ನು ಇಪ್ಪತ್ತು ವರ್ಷ ಬಿಡಿಸಿದಳು. ಎಲ್ಲಿ ಅಬ್ಬಲಿಗೆ, ಎಲ್ಲಿ ಕ್ರೋಟನ್, ಕಿಟಕಿಯ ಎದುರು ಯಾವ ದಾಸವಾಳ, ಎಲ್ಲ ಅದರಲ್ಲಿತ್ತು.

ಎಂಬತ್ತರ ದಶಕದಲ್ಲಿ, ಚಿಕ್ಕಪ್ಪ ನಿವೃತ್ತರಾದ ಮೇಲೆ, ಹಳದೀಪುರದಲ್ಲಿ ಆ ಮನೆ ಆಯಿತು. ಗೃಹಪ್ರವೇಶವಾಗಿ ತಿಂಗಳಾಗಿರಲಿಲ್ಲ, ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆರು ತಿಂಗಳ ಮೇಲೆ ಕೋಲು ಹಿಡಿದು ಮಂಚದಿಂದ ಕಿಟಕಿಯವರೆಗೆ ನಡೆಯುವಂತಾದಳು, ಅಷ್ಟೇ. ಬಸ್ಸು ಹತ್ತುವುದು, ಬೇಲಿಯ ಬಳಿ ನಿಧಾನವಾಗುವುದು, ಎಲ್ಲ ಮುಗಿಯಿತು.

ನೋಡಲು ಬಂದವರೆಲ್ಲ ಕಡ್ಡಿ ತಂದರು. ನಾನೂ ಒಂದು ಚೀಲ ಒಯ್ದೆ. "ಕೇಳಿ ತಂದ್ಯಾ?" ಎಂದಳು. ಸುಳ್ಳು ಹೇಳಲು ನನಗೆ ಬರಲಿಲ್ಲ. ನೆಟ್ಟೆವು, ನೀರು ಹಾಕಿದೆವು. ಒಂದೂ ಬದುಕಲಿಲ್ಲ. ಬಿಸಿಲೋ, ಉಪ್ಪು ಗಾಳಿಯೋ, ಯಾರಿಗೆ ಗೊತ್ತು? "ಪಾಪ, ಎಲ್ಲರೂ ಪ್ರೀತಿಯಿಂದ ಕೊಟ್ರು. ಅದ್ಕೇ ಸತ್ತವು" ಎಂದು ಅವಳೇ ನಮ್ಮನ್ನು ಸಮಾಧಾನಪಡಿಸಿದಳು. ಕ್ಯಾಲೆಂಡರ್ ಹಾಳೆಗಳು ಹಾಸಿಗೆಯ ಅಡಿಗೆ ಹೋದವು. ಗೋಡೆಗಳು ಬರಿದಾಗಿದ್ದವು, ಅಂಗಳವೂ ಬರಿದು. ಎಲ್ಲಕ್ಕಿಂತ ಭಯವಾದದ್ದು ನನಗೆ ಒಂದೇ: ಅವಳಿಗೆ ಏನೂ ಹೊಳೆಯುತ್ತಿರಲಿಲ್ಲ. ಚಿಕ್ಕಪ್ಪನ ಕುರ್ಚಿ ತಿಂಗಳುಗಟ್ಟಲೆ ಜಗುಲಿಯ ಅದೇ ಮೂಲೆಯಲ್ಲಿತ್ತು.

ಮಳೆಗಾಲ ಹಿಡಿದ ಮೇಲೆ ನಾನು ಮತ್ತೆ ಹೋಗಿದ್ದೆ. ಚಿಕ್ಕಪ್ಪ ಭಟ್ಕಳಕ್ಕೆ ಯಾವುದೋ ಕೆಲಸವಿದೆ ಎಂದು ಬೆಳಿಗ್ಗೆಯೇ ಹೊರಟಿದ್ದರು. ಮಧ್ಯಾಹ್ನದ ಮೇಲೆ ಜಡಿಮಳೆ. ಜಗುಲಿಯಲ್ಲಿ ನಿಂತು ನೋಡುತ್ತೇನೆ, ಬಸ್ಸಿಳಿದು ಅವರು ಗದ್ದೆಯಂಚಿನಲ್ಲಿ ಬರುತ್ತಿದ್ದಾರೆ. ಕನ್ನಡಕದಿಂದ ನೀರು ಸುರಿಯುತ್ತಿದೆ, ಪಂಚೆ ಕಾಲಿಗೆ ಅಂಟಿದೆ, ಕೊಡೆ ಕಂಕುಳಲ್ಲಿದೆ.

"ಚಿಕ್ಕಪ್ಪಾ, ಕೊಡೆ ಬಿಡಿಸೀ!" ಎಂದು ಕೂಗಿದೆ.

ನನ್ನ ಹಿಂದೆ ಕಿಟಕಿಯ ಸರಳು ಹಿಡಿದು ಚಿಕ್ಕಮ್ಮ ಎದ್ದು ನಿಂತಿದ್ದಳು. "ಬಿಡಿಸಬೇಡೀ! ಮೊದ್ಲು ಒಳಗೆ ಬನ್ನಿ!"

ಅವರು ಕೊಡೆಯನ್ನು ಅವಳ ಮಂಚದ ಮೇಲೆ ಮಲಗಿಸಿದರು. ಒಳಗೆ ಮೂರು ಕಡ್ಡಿಗಳಿದ್ದವು. ಒಂದರ ತುದಿಯಲ್ಲಿ ಮೊಗ್ಗು, ಅದರ ಬಿರುಕಿನಲ್ಲಿ ಬೆಣ್ಣೆ ಬಿಳುಪು.

"ಯಾರೂ ನೋಡ್ಲಿಲ್ಲ ಅಲ್ದಾ?"

"ಇಲ್ಲ. ಆಪಾ ಒಳಗೆ ಹೋಗಿದ್ರು. ಒಲೆ ಮೇಲೆ ಹಾಲು ಇಟ್ಟಿದ್ರಡ."

ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು.

ಕಡ್ಡಿಗಳನ್ನು ಅವರೇ ನೆಟ್ಟರು, ಕಿಟಕಿಯ ಎದುರಿಗೆ, ಅವಳು ಒಳಗಿನಿಂದ ಕೋಲು ತೋರಿಸಿದಲ್ಲಿ. ಆಮೇಲೆ ತಲೆ ಒರೆಸಿಕೊಂಡು ಜಗುಲಿಯ ಕುರ್ಚಿಯಲ್ಲಿ ಕುಳಿತರು. ಒಳಗೆ ಹಾಸಿಗೆಯ ಅಡಿಯಿಂದ ಕಾಗದ ಎಳೆಯುವ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಆ ದನಿಯೂ ಬಂತು:

"ಹೋಯ್, ನನಗೊಂದು ಹೊಳೀತು."

ಚಿಕ್ಕಪ್ಪ ಈ ಸಲ ಕುರ್ಚಿಯ ಕೈಗಳನ್ನು ಹಿಡಿದುಕೊಳ್ಳಲಿಲ್ಲ. ಎದ್ದರು, ಕುರ್ಚಿಯನ್ನು ತಾವೇ ಎತ್ತಿಕೊಂಡು ಒಳಗೆ ಹೋದರು.

"ಆತು. ಎಲ್ಲಿಡೂದು, ಹೇಳು."