ಸೀತಮ್ಮನ ದೊಣೆಯೂ ನನ್ನ ಸೈಕಲ್ಲೂ

ಸೈಕಲ್ ತುಳಿಯುವ ಹೆಂಗಸು ನಗೆಪಾಟಲಾಗುವುದಕ್ಕೆ ವಿಶೇಷ ಪ್ರಯತ್ನವೇನೂ ಬೇಕಿಲ್ಲ; ಮನೆಯಿಂದ ಹೊರಟರೆ ಸಾಕು, ಉಳಿದದ್ದು ದಾರಿಯಲ್ಲಿ ತಾನಾಗಿ ಒದಗುತ್ತದೆ. ನನಗೆ ಒದಗಿದವುಗಳಲ್ಲಿ ಮುಖ ತೊಳೆಯುವುದಕ್ಕೆ ಸಂಬಂಧಪಟ್ಟವನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಮಿಕ್ಕವನ್ನೂ ಬರೆದರೆ ಓದುವವರು ನನ್ನ ಸತ್ಯನಿಷ್ಠೆಯನ್ನೇ ಶಂಕಿಸಿಯಾರು.

ಬಿ.ಎ. ಮುಗಿಸಿದ ವರ್ಷ ಪಟ್ಟಣದಲ್ಲಿ ಜಾಗ ಖಾಲಿಯಿರಲಿಲ್ಲ. ಕೋಲಾರದಿಂದ ಐದು ಮೈಲಿ ದೂರದಲ್ಲಿ, ಹೋಳೂರಿನ ರಸ್ತೆಯಲ್ಲಿದ್ದ ಒಂದು ಹಳ್ಳಿಯ ಹೆಣ್ಣುಮಕ್ಕಳ ಶಾಲೆ ನನ್ನ ಪಾಲಿಗೆ ಬಂತು. ಬಸ್ಸು ತುಂಬಿದ ಮೇಲೆ ಹೊರಡುವುದು ಆ ಕಾಲದ ಪದ್ಧತಿ. ಅದು ತುಂಬುವುದು ಮಧ್ಯಾಹ್ನಕ್ಕೆ. ಆದ್ದರಿಂದ, ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ನರ್ಸಮ್ಮನಿಂದ ಸೈಕಲ್ ಕೊಂಡೆ. ನೇಮಕದ ಪತ್ರದ ಕೊನೆಯಲ್ಲಿ ಒಂದು ವಾಕ್ಯವಿತ್ತು: ಮುಂದಿನ ತನಿಖೆಯ ಹೊತ್ತಿಗೆ ಹದಿನೈದು ಮಂದಿ ಹುಡುಗಿಯರಾದರೂ ಇರದಿದ್ದರೆ ಶಾಲೆಯನ್ನು ಮುಚ್ಚಲಾಗುವುದು. ಆಗ ಇದ್ದವರು ಏಳು ಮಂದಿ. ಶಾಲೆ ಮುಚ್ಚಿದರೆ ನನಗಾಗಿ ನಮ್ಮ ತಂದೆ ಮುಳಬಾಗಿಲಿನಲ್ಲಿ ಒಬ್ಬ ವರನನ್ನು ನೋಡಿಟ್ಟಿದ್ದರು. ಆತ ಸಜ್ಜನನೇ. ಆದರೆ ಹೆಂಗಸು ಸೈಕಲ್ ತುಳಿಯುವುದೂ ಪುಸ್ತಕ ಹಿಡಿಯುವುದೂ ಆತನಿಗೆ ಆಗಿಬರುತ್ತಿರಲಿಲ್ಲ.

ಮೊದಲ ಪಾಠ

ಆ ರಸ್ತೆಯ ಮಣ್ಣು ಕೆಂಪು. ಒಂದು ಎತ್ತಿನ ಗಾಡಿ ಎದುರಾದರೆ ಮುಖಕ್ಕೆ ಒಂದು ಪದರ, ಎರಡನೆಯದು ಬಂದರೆ ಅದರ ಮೇಲೆ ಇನ್ನೊಂದು. ಬೆವರು ಇವೆರಡನ್ನೂ ಹದವಾಗಿ ಕಲಸುತ್ತಿತ್ತು. ಶಾಲೆಯೆಂದರೆ ಊರಾಚೆಯ ಒಂದು ಕೋಣೆ, ಬಾವಿಯಿಲ್ಲ, ಬಚ್ಚಲಿಲ್ಲ. ಮೂಲೆಯಲ್ಲಿ ಕುಡಿಯುವ ನೀರಿನ ಒಂದು ಮಡಕೆ. ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆತರುವುದಕ್ಕೆಂದು ನೇಮಕವಾಗಿದ್ದ ಅಜ್ಜಿಯೊಬ್ಬಳು ಅದನ್ನು ಊರಿನ ಬಾವಿಯಿಂದ ಹೊತ್ತು ತರುತ್ತಿದ್ದಳು. ಅದರಲ್ಲಿ ಮುಖ ತೊಳೆದರೆ ಮಕ್ಕಳಿಗೆ ಬಾಯಾರಿಕೆ.

ಮೊದಲ ದಿನ ಸೆರಗಿನಿಂದ ಮುಖವನ್ನು ಒರಸಿಕೊಂಡು ಒಳಗೆ ಹೋದೆ. ಪಾಠಕ್ರಮದ ಪ್ರಕಾರ ಮೊದಲ ಪಾಠ ಶುಚಿತ್ವ. ಕರಿಹಲಗೆಯ ಮೇಲೆ ದುಂಡಾಗಿ ಬರೆದೆ: ‘ದಿನಕ್ಕೆ ಎರಡು ಸಲ ಮುಖ ತೊಳೆಯಬೇಕು.’

ಮುಂದಿನ ಸಾಲಿನ ಚಿಕ್ಕ ಹುಡುಗಿಯೊಬ್ಬಳು ನನ್ನನ್ನು ಬಹಳ ಹೊತ್ತು ನೋಡಿ ಕೈಯೆತ್ತಿದಳು. “ಅಮ್ಮಾ, ನಿಮ್ದು ಇವತ್ತಿಂದು ಎರಡೂ ಬಾಕಿ ಐತಾ?”

ಪಟೇಲರ ಮನೆಯ ನೀರು

ಊರಿನ ತಾಯಂದಿರೂ ಇದೇ ಪ್ರಶ್ನೆಯನ್ನು ಕೇಳುತ್ತಿದ್ದರಂತೆ. “ಅವಳ ಮುಖಾನೇ ಅವಳು ತೊಳ್ಕೊಳ್ಳಲ್ಲ, ನಮ್ಮಕ್ಕಳಿಗೆ ಏನು ಕಲಿಸ್ತಾಳೆ?” ಎಂಬ ಮಾತನ್ನು ಅಜ್ಜಿ ನನಗೆ ಒಪ್ಪಿಸಿದಳು. ಏಳು ಆರಾಗುವ ಲಕ್ಷಣ ಕಂಡಿತು. ಮರುದಿನವೇ ಪಟೇಲರ ಮನೆಯ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಒಂದು ಚೊಂಬು ನೀರು ಕೇಳಿದೆ.

“ಅಯ್ಯೋ ಇಸ್ಕೂಲಮ್ಮಾ, ನೀರೂ ಕೇಳಿ ತಗೊಂಬೇಕಾ? ಬನ್ನಿ ಒಳಕ್ಕೆ!” ಎಂದರು ಪಟೇಲರ ಹೆಂಡತಿ.

ಮುಖ ತೊಳೆದೆ. ಹೊರಟೆ. ಹೊರಡಲು ಬಿಡುವವರಾರು? ಮನೆಗೆ ಬಂದ ಹೆಣ್ಣನ್ನು ಬರಿಯ ಹಣೆಯಲ್ಲಿ ಕಳುಹಿಸುವುದುಂಟೆ? ಆಕೆ ನನ್ನ ಎರಡು ಕೆನ್ನೆಗೂ ಧಾರಾಳವಾಗಿ ಅರಿಶಿನ ಬಳಿದು, ಕುಂಕುಮವಿಟ್ಟು, ಮುಡಿಗೆ ಹೂವಿಟ್ಟರು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿದರು: “ಪಟೇಲರ ಬಾವಿ ನೀರು ಸೀನಾ? ನಮ್ಮದು ಉಪ್ಪಾ?” ಅಲ್ಲಿಗೂ ಹೋದೆ. ಅಲ್ಲಿಂದ ಶಾನುಭೋಗರ ಮನೆಗೂ ಹೋಗದೆ ವಿಧಿಯಿರಲಿಲ್ಲ. ಮೂರು ಮನೆಗಳ ಅರಿಶಿನವನ್ನು ಹೊತ್ತು, ಮುಕ್ಕಾಲು ಗಂಟೆ ತಡವಾಗಿ ತರಗತಿಗೆ ಕಾಲಿಟ್ಟೆ.

ಮುಂದಿನ ಸಾಲಿನ ಅದೇ ಹುಡುಗಿ ಎದ್ದು ನಿಂತಳು. “ಅಮ್ಮಾ, ಇವತ್ತು ನಿಮ್ಗೆ ಮದ್ವೇನಾ?”

ಮುಳಬಾಗಿಲಿನ ವರ ನೆನಪಾಗಿ ನನಗೆ ಮತ್ತೆ ಬೆವರು ಬಂತು.

ಕೂಜಾ

ಪರರ ನೀರಿನ ಹಂಗೇ ಬೇಡವೆಂದು ನಿಶ್ಚಯಿಸಿ ಒಂದು ಹಿತ್ತಾಳೆಯ ಕೂಜಾದಲ್ಲಿ ಮನೆಯಿಂದಲೇ ನೀರು ತುಂಬಿ, ಸೈಕಲ್ಲಿನ ಹಿಡಿಗೆ ತೂಗುಹಾಕಿದೆ. ಸಾಬೂನು ಮತ್ತು ಟವೆಲು ಚೀಲದಲ್ಲಿ. ಲೆಕ್ಕಾಚಾರದಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ರಸ್ತೆಯಲ್ಲಿ. ಮೂರನೆಯ ಹಳ್ಳಕ್ಕೆ ಕೂಜಾದ ಮುಚ್ಚಳ ಸಡಿಲವಾಯಿತು. ನಾಲ್ಕನೆಯದಕ್ಕೆ ನೀರು ಚಿಮ್ಮಿ, ಅದುವರೆಗೆ ಧೂಳಾಗಿದ್ದದ್ದು ಕೆಸರಾಯಿತು.

ಹುಣಸೆ ಮರದ ಕೆಳಗೆ ಇಳಿದು ಸೀರೆಯನ್ನು ಹಿಂಡುತ್ತ ನಿಂತಿದ್ದೆ. ಆ ದಾರಿಯಲ್ಲಿ ನಿತ್ಯ ಜಟಕಾ ಹೊಡೆಯುತ್ತಿದ್ದ ವಯಸ್ಸಾದ ಸಾಬರು ಹಿಂದಿನಿಂದ ಬಂದು ಗಾಡಿ ನಿಲ್ಲಿಸಿದರು. ನಾನು ತಿರುಗಿ ನೋಡುವಷ್ಟರಲ್ಲಿ ಅವರ ಕುದುರೆ ಕೂಜಾದಲ್ಲಿ ಉಳಿದಿದ್ದ ನೀರನ್ನು ಮುಗಿಸಿ, ಚೀಲದೊಳಗೆ ಮೂತಿಯಿಟ್ಟು ಏನನ್ನೋ ಹುಡುಕುತ್ತಿತ್ತು.

“ಬಹಳ ಮೆಹರ್‌ಬಾನಿ, ಬೇಟೀ,” ಎಂದರು ಸಾಬರು ಗಂಭೀರವಾಗಿ. “ನೀರು ಸಾಕು. ಸಾಬೂನು ತೆಗೆದು ಬೇರೆ ಇಡಮ್ಮ, ಅದಕ್ಕೆ ಅಭ್ಯಾಸ ಇಲ್ಲ.”

ದೊಣೆ

ಶಾಲೆಯ ಹಿಂದೆ ಒಂದು ದೊಡ್ಡ ಬಂಡೆ. ಅದರ ಮರೆಯಲ್ಲಿ, ಬಂಡೆಯ ತಗ್ಗಿನಲ್ಲಿ ನೀರು ನಿಂತ ಒಂದು ದೊಣೆ. ಕೆಸರಿನಲ್ಲಿ ಬಂದ ನನ್ನನ್ನು ಕಂಡು ಅಜ್ಜಿ ಅದರ ಕಥೆಯನ್ನು ಹೇಳಿದಳು.

“ಸೀತಮ್ಮ ವಾಲ್ಮೀಕಿ ಆಶ್ರಮ ಇರೋ ಆವಣಿಗೆ ಹೋಗ್ತಾ ಇಲ್ಲೇ ಮುಖ ತೊಳ್ಕೊಂಡಿದ್ದು. ಅವಳು ಮುಟ್ಟಿದ ನೀರು, ಬತ್ತೋದಿಲ್ಲ. ಈಗ್ಲೂ ದಿನಾ ಬೆಳಿಗ್ಗೆ ಬರ್ತಾಳೆ. ಅದಕ್ಕೇ ನಡು ಮಧ್ಯಾಹ್ನ ಆಗೋಗಂಟ ಅಲ್ಲಿಗೆ ಯಾರೂ ಹೋಗಲ್ಲ. ಒಂದು ನರಪಿಳ್ಳೆನೂ ಹೋಗಲ್ಲ ಕಣಮ್ಮಾ,” ಎಂದು ಕೊನೆಯ ಮಾತನ್ನು ಎರಡು ಸಲ ಹೇಳಿದಳು.

ಸೀತಾದೇವಿ ಮುಖ ತೊಳೆದ ದೊಣೆಗಳು ನಮ್ಮ ಸೀಮೆಯಲ್ಲಿ ನನಗೆ ತಿಳಿದಂತೆಯೇ ಆರು ಇದ್ದವು. ಅಷ್ಟನ್ನೂ ನಂಬಿದರೆ ಆಕೆ ಆವಣಿಯನ್ನು ಸೇರಲು ಒಂದು ತಿಂಗಳಾದರೂ ಹಿಡಿದಿರಬೇಕು. ಆದರೆ ಐತಿಹ್ಯವನ್ನು ಶಂಕಿಸುವುದು ಬೇರೆ, ಅದು ಕಟ್ಟಿಕೊಟ್ಟ ಪರದೆಯನ್ನು ಉಪಯೋಗಿಸುವುದು ಬೇರೆ. ಬೆಳಗಿನ ಹೊತ್ತು, ನಿರ್ಜನ ಪ್ರದೇಶ, ಬಂಡೆಯ ಮರೆ, ಬೇಕಾದಷ್ಟು ನೀರು! ಯಾವ ಇಲಾಖೆ ತಾನೇ ಇಂಥ ಬಚ್ಚಲನ್ನು ಮಂಜೂರು ಮಾಡುತ್ತದೆ?

ಮರುದಿನದಿಂದ ಹೋಗತೊಡಗಿದೆ. ದೊಣೆಯಲ್ಲಿ ಕೈಯದ್ದದೆ, ಚೊಂಬಿನಲ್ಲಿ ಮೊಗೆದು, ಕೆಳಗಿನ ಇಳಿಜಾರಿನಲ್ಲಿ ಕುಳಿತು ಗಂಧದ ಸಾಬೂನಿನಿಂದ ಮುಖ, ಕೈಕಾಲು ತೊಳೆಯುತ್ತಿದ್ದೆ. ದಿನಕ್ಕೆ ಎರಡೇ ಚೊಂಬು. ಬತ್ತುವುದಿಲ್ಲವೆಂಬ ಮಾತನ್ನು ಪರೀಕ್ಷಿಸದೆ ಬಿಡುವುದು ನನ್ನ ಸ್ವಭಾವವಲ್ಲ. ನೀರಿನ ಮಟ್ಟಕ್ಕೆ ಸರಿಯಾಗಿ ಬಂಡೆಯ ಮೇಲೆ ಒಂದು ಗೆರೆ ಕೊರೆದು, ದಿನವೂ ಅಡಿಕೋಲಿನಿಂದ ಅಳೆದೆ. ಒಂದು ವಾರ ಕಳೆಯಿತು, ನಾಲ್ಕು ವಾರ ಕಳೆಯಿತು. ಮಳೆಯ ಹನಿಯಿಲ್ಲ, ಬಿಸಿಲೋ ಬಂಡೆ ಸಿಡಿಯುವಂಥದು. ನೀರು ಮಾತ್ರ ಪ್ರತಿದಿನ ಬೆಳಿಗ್ಗೆ ಗೆರೆಯ ಮಟ್ಟಕ್ಕೇ ಇರುತ್ತಿತ್ತು!

ನಾಲ್ಕನೆಯ ವಾರ ಮುಗಿದ ರಾತ್ರಿ, ಕಾಲೇಜಿನಲ್ಲಿ ತರ್ಕಶಾಸ್ತ್ರಕ್ಕೆ ಬಹುಮಾನ ಪಡೆದಿದ್ದ ನಾನು, ದೇವರ ಮುಂದೆ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತೆ.

ಬಾಚಣಿಗೆ

ಒಂದು ದಿನ ಅವಸರದಲ್ಲಿ ತಲೆಗೆ ಸಿಕ್ಕಿಸುವ ಬಾಚಣಿಗೆಯನ್ನು ದೊಣೆಯ ಬಳಿ ಮರೆತೆ. ಮರುದಿನ ಹುಡುಕಿದರೆ ಸಿಗಲಿಲ್ಲ. ಕೋಲಾರದಲ್ಲಿ ಅಂಥದೇ ಇನ್ನೊಂದನ್ನು ಕೊಂಡೆ.

ಆ ವಾರದ ಕೊನೆಯಲ್ಲಿ ಪಟೇಲರು ಹತ್ತು ಮಂದಿಯೊಡನೆ ಶಾಲೆಗೆ ಬಂದರು. ಅವರ ಕೈಯಲ್ಲಿ ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ಅಕ್ಷತೆ, ಅಕ್ಷತೆಯ ಮೇಲೆ ಅರಿಶಿನ ಕುಂಕುಮ ಹಚ್ಚಿದ ನನ್ನ ಬಾಚಣಿಗೆ.

“ಇಸ್ಕೂಲಮ್ಮನೋರೇ, ತಪ್ಪಿಸ್ಕೊಂಡ ಕರು ಹಿಂದೆ ಹೋದ ಹುಡುಗನಿಗೆ ಬೆಳಿಗ್ಗೇನೇ ದೊಣೆ ಹತ್ರ ಸಿಕ್ತು. ಅಲ್ಲೆಲ್ಲ ಗಂಧದ ವಾಸನೆ ಗಮ್ಮಂತಿತ್ತು. ನೊರೆ ಬೇರೆ! ಒದ್ದೆ ಹೆಜ್ಜೆ ಗುರ್ತು! ಸೀತಮ್ಮಂದಲ್ದೆ ಇನ್ಯಾರ್ದು? ಇದರ ಮೇಲೆ ಏನೋ ಬರ್ದೈತೆ, ಶಾನುಭೋಗರಿಗೂ ಓದಕ್ಕೆ ಬರಲಿಲ್ಲ. ನೀವು ಓದಿ ಹೇಳ್ಬೇಕು.”

ನಾನು ಸುಳ್ಳು ಓದುವವಳಲ್ಲ. “ಇದು ಜಪಾನಿನಲ್ಲಿ ತಯಾರಾದದ್ದು ಎಂದು ಬರೆದಿದೆ,” ಎಂದೆ.

“ಅದೆಲ್ಲೈತೆ?”

“ಸಮುದ್ರದ ಆಚೆ.”

ಪಟೇಲರು ಜಯಶೀಲರಾಗಿ ಸುತ್ತ ನೋಡಿದರು. “ನೋಡಿದ್ರಾ? ಸಮುದ್ರದ ಆಚೆ! ರಾವಣಾಸುರ ತರಿಸಿ ಕೊಟ್ಟಿದ್ದು.”

“ಅಯ್ಯೋ ನಾ ತಲ್ಲೇ!” ಎಂದು ಅಜ್ಜಿ ತೆಲುಗಿನಲ್ಲೇ ಬಾಯಿ ಬಡಿದುಕೊಂಡಳು. “ಆ ಹಾಳಾದವನು ಕೊಟ್ಟಿದ್ದನ್ನ ನಮ್ಮ ಸೀತಮ್ಮ ತಲೇಲಿ ಇಟ್ಕೊಂತಾಳಾ? ಬುದ್ಧಿ ಬೇಡ್ವಾ ಪಟೇಲಪ್ಪಾ? ಆಂಜನೇಯ ಬರ್ತಾ ತಂದಿದ್ದು.”

ಆಂಜನೇಯನೇ ತಂದದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನನಗೆ ತಡೆಯಲಾಗಲಿಲ್ಲ. “ಪಟೇಲರೇ, ಅಲ್ಲಿ ಮುಖ ತೊಳೆಯುವವಳು ನಾನು. ಈ ಬಾಚಣಿಗೆ ನನ್ನದು,” ಎಂದು ಸ್ಪಷ್ಟವಾಗಿ ಹೇಳಿದೆ.

ಪಟೇಲರು ಕರುಣೆಯಿಂದ ನಕ್ಕರು. “ನಿಮ್ಮದು ನಿಮ್ಮ ತಲೇಲೇ ಐತಲ್ಲಮ್ಮಾ!”

ಮುಟ್ಟಿ ನೋಡಿಕೊಂಡೆ. ಇತ್ತು.

ಅವರು ಊರವರ ಕಡೆ ತಿರುಗಿ ಘೋಷಿಸಿದರು: “ಸೀತಮ್ಮ ಬೇರೆಲ್ಲೂ ಹೋಗ್ದೆ ಇಸ್ಕೂಲ್ ಹಿಂದೇನೇ ದಿನಾ ಬರ್ತಾಳೆ ಅಂದ್ರೆ ಏನರ್ಥ? ಹೆಣ್ಮಕ್ಕಳನ್ನ ಇಸ್ಕೂಲಿಗೆ ಕಳಿಸ್ರೋ ಅಂತ!”

ಸೋಮವಾರ ಹಾಜರಿಯಲ್ಲಿ ಇಪ್ಪತ್ತೆರಡು ಹೆಸರುಗಳಿದ್ದವು. ನಾನು ಎರಡನೆಯ ಸಲ ಸತ್ಯ ಹೇಳಲು ಹೋಗಲಿಲ್ಲ.

ತನಿಖೆ

ತನಿಖೆಗೆ ಬರುವ ಇನ್‌ಸ್ಪೆಕ್ಟ್ರೆಸ್ ಹನ್ನೊಂದಕ್ಕೆ ಬರುತ್ತಾರೆಂದು ತಿಳಿಸಿದ್ದರು, ಒಂಬತ್ತೂವರೆಗೇ ಬಂದರು. ಸಾಬರ ಜಟಕಾದಿಂದ ಇಳಿದ ಸ್ಥೂಲಕಾಯದ ಹಿರಿಯ ಮಹಿಳೆ. ಬಿಳಿ ಸೀರೆ, ನರೆತ ಕೂದಲು, ದಪ್ಪ ಗಾಜಿನ ಕನ್ನಡಕ. ಎಲ್ಲದರ ಮೇಲೂ ಸಮನಾಗಿ ಕೆಂಪು ಧೂಳು.

“ತನಿಖೆ ಆಮೇಲಾಗಲಿ. ಮುಖ ತೊಳೆಯುವುದಕ್ಕೆ ಎಲ್ಲಿ ಏರ್ಪಾಡು ಮಾಡಿದ್ದೀಯೆ?” ಎಂದರು. “ಹೋದ ವಾರ ಮಾಲೂರಿನ ಕಡೆ ಒಂದು ಶಾಲೆಯಲ್ಲಿ ಕೈ ತೊಳೆಯಲೂ ನೀರಿರಲಿಲ್ಲ. ಹಾಗೆಂದೇ ಬರೆದೆ. ಆ ಶಾಲೆ ಈಗ ಇಲ್ಲ.”

ಬೇರೆ ದಾರಿ ಕಾಣದೆ ಅವರನ್ನು ದೊಣೆಯ ಬಳಿಗೆ ಕರೆದೊಯ್ದು ಚೊಂಬು, ಸಾಬೂನು, ಟವೆಲು ಕೊಟ್ಟೆ. “ಚೆನ್ನಾಗಿದೆ. ನೀನು ಹೋಗಿ ಹಾಜರಿ ತೆಗೆ,” ಎಂದರು.

ಹಾಜರಿ ತೆಗೆಯುತ್ತ ಹಿಂದಿನ ಕಿಟಕಿಯಿಂದ ನೋಡಿದೆ. ಇನ್‌ಸ್ಪೆಕ್ಟ್ರೆಸ್ಸಿಗಾಗಿ ಹೂವಿನ ಹಾರ ಹಿಡಿದ ಪಟೇಲರು ಮೂವತ್ತು ಜನರೊಡನೆ ಬೇಗನೇ ಬರುತ್ತಿದ್ದರು. ಬಂಡೆಯ ಹತ್ತಿರ ತಟ್ಟನೆ ನಿಂತರು. ಗಾಳಿಯಲ್ಲಿ ಗಂಧದ ವಾಸನೆ. ಇಳಿಜಾರಿನಲ್ಲಿ ನೊರೆ ಹರಿದು ಬರುತ್ತಿದೆ. ಬಂಡೆಯ ಮರೆಯಿಂದ ಬಿಳಿಯ ಸೀರೆಯ ಆಕೃತಿಯೊಂದು ಎರಡು ಕೈಯನ್ನೂ ಮುಂದೆ ಚಾಚಿಕೊಂಡು ಹೊರಬಂತು. ಕಣ್ಣಿಗೆ ಸಾಬೂನು ಹೋಗಿ ಅವರು ಟವೆಲು ಹುಡುಕುತ್ತಿದ್ದರು. ಊರವರಿಗೆ ಅದು ಅಭಯಹಸ್ತವಾಗಿ ಕಂಡಿತು.

“ತಾಯೀ!” ಎಂದು ಮೂವತ್ತು ಜನರೂ ಒಮ್ಮೆಲೇ ಅಡ್ಡಬಿದ್ದರು.

ನಾನು ಓಡಿಹೋಗುವಷ್ಟರಲ್ಲಿ ಇನ್‌ಸ್ಪೆಕ್ಟ್ರೆಸ್ ಕಣ್ಣೊರಸಿ ಕನ್ನಡಕ ಹಾಕಿಕೊಂಡಿದ್ದರು. ಇಪ್ಪತ್ತು ವರ್ಷಗಳ ಸೇವೆಯಲ್ಲಿ ಅವರಿಗೆ ಇಂಥ ಸ್ವಾಗತ ದೊರೆತಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

“ಏಳಿ, ಏಳಿ. ಏನಾಗಬೇಕು ಹೇಳಿ,” ಎಂದರು.

“ನೀನು ಇಲ್ಲೇ ನೆಲೆಸ್ಬೇಕು ತಾಯೀ!” ಎಂದರು ಪಟೇಲರು, ನೆಲದಿಂದ ತಲೆಯೆತ್ತದೆ.

“ಅದು ಹೇಗಾಗುತ್ತಪ್ಪಾ? ಮಧ್ಯಾಹ್ನಕ್ಕೆ ಶ್ರೀನಿವಾಸಪುರದಲ್ಲಿರಬೇಕು. ವರ್ಷಕ್ಕೊಂದು ಸಲ ತಪ್ಪದೆ ಬರುತ್ತೇನೆ. ಆದರೆ ನಿಮ್ಮ ಶಾಲೆ ಎಲ್ಲಿಗೂ ಹೋಗುವುದಿಲ್ಲ. ಇದು ನನ್ನ ಮಾತು.”

“ತಾಯಿ ಮಾತು ಕೊಟ್ಲು!” ಎಂದು ಜನ ಕೂಗಿದರು.

ತನಿಖೆಯ ಪುಸ್ತಕದಲ್ಲಿ ಅವರು ಬರೆದದ್ದು ಇಷ್ಟು: ‘ಸ್ತ್ರೀವಿದ್ಯಾಭ್ಯಾಸದ ವಿಷಯದಲ್ಲಿ ಈ ಗ್ರಾಮಸ್ಥರಿಗಿರುವಷ್ಟು ಭಕ್ತಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಮುಖ ತೊಳೆಯುವ ಏರ್ಪಾಡು ಶ್ಲಾಘನೀಯ. ಶಾಲೆಯನ್ನು ಮುಂದುವರಿಸಬಹುದು.’

ಜಟಕಾ ಮರೆಯಾದ ಮೇಲೆ ಮನಸ್ಸಾಕ್ಷಿ ಕೇಳದೆ, “ಪಟೇಲರೇ, ಅವರು ನಮ್ಮ ಇನ್‌ಸ್ಪೆಕ್ಟ್ರೆಸ್,” ಎಂದೆ.

“ಕನ್ನಡಕ ನೋಡಿ ನನಗೂ ಒಂದು ಗಳಿಗೆ ಅನುಮಾನ ಬಂತಮ್ಮಾ,” ಎಂದು ಅವರು ಯೋಚಿಸಿ ಹೇಳಿದರು. “ಆದ್ರೆ ತ್ರೇತಾಯುಗದಿಂದ ಇಲ್ಲೀಗಂಟ ಎಷ್ಟು ಕಾಲ ಆಯ್ತು! ಕಣ್ಣು ಮಂಜಾಗ್ದೆ ಇರ್ತದಾ?”

ಮುಳಬಾಗಿಲಿಗೆ ನಮ್ಮ ತಂದೆ ಕಾಗದ ಬರೆದು ಕ್ಷಮೆ ಕೇಳಿದರು. ಮರುದಿನ ನನಗೆ ಸಂತೋಷದಿಂದ ನಿದ್ದೆ ಬೇಗ ಹರಿಯಿತು. ಎಂದಿಗಿಂತ ಒಂದು ಗಂಟೆ ಮೊದಲೇ ಶಾಲೆಯನ್ನು ಮುಟ್ಟಿದೆ. ಅಡಿಕೋಲು ಹಿಡಿದು ದೊಣೆಯ ಕಡೆ ನಡೆದೆ. ಇಷ್ಟು ದಿನ ಅನುಮಾನಿಸಿದ್ದಕ್ಕೆ ಅಂದು ಸೀತಾದೇವಿಗೆ ಒಂದು ಹೂವಾದರೂ ಏರಿಸಬೇಕೆಂದು ಕೈಯಲ್ಲಿ ಒಂದು ದಾಸವಾಳವನ್ನೂ ಹಿಡಿದಿದ್ದೆ.

ಬಂಡೆಯ ಮರೆಯಲ್ಲಿ ನಮ್ಮ ಅಜ್ಜಿ, ಸೊಂಟದ ಕೊಡವನ್ನು ಬಗ್ಗಿಸಿ ದೊಣೆಗೆ ನೀರು ಸುರಿಯುತ್ತಿದ್ದಳು. ನಾನು ಕೊರೆದ ಗೆರೆಗೆ ಸರಿಯಾಗಿ ನೀರು ಬಂದದ್ದನ್ನು ಬಗ್ಗಿ ನೋಡಿ ನಿಲ್ಲಿಸಿದಳು. ಆಮೇಲೆ ತಲೆಯೆತ್ತಿ ನನ್ನನ್ನೂ, ಅಡಿಕೋಲನ್ನೂ, ದಾಸವಾಳವನ್ನೂ ಒಂದೊಂದಾಗಿ ನೋಡಿದಳು.

“ಅಲ್ಲಾ ಇಸ್ಕೂಲಮ್ಮಾ, ದಿನಕ್ಕೆ ಎರಡು ಚೊಂಬು ನೀನೇ ಖಾಲಿ ಮಾಡ್ತೀಯಾ. ಬಿ.ಎ. ಓದ್ದೋಳು ನೀನು... ತಾನಾಗೇ ತುಂಬ್ಕೊಂತದೆ ಅಂತ ನಂಬಿದ್ದಾ?”