ಒಬ್ಬ ಕೇಳುಗ ಬೇಕು

ಬೆಳಗಿನ ಕಾಫಿ ಆರುವ ಮೊದಲೇ ರೇಡಿಯೊ ನಿಲಯದ ನಿರ್ದೇಶಕಿ ಬಾಂಬು ಹಾಕಿದರು.

"ನಿಮ್ಮ ಕೃಷಿ ಕಾರ್ಯಕ್ರಮ ಯಾರ್ರೀ ಕೇಳ್ತಾರೆ? ಊರೆಲ್ಲ ಎಫ್‌ಎಂ ಕಿವಿಗೆ ಸಿಕ್ಕಿಸ್ಕೊಂಡು ಓಡಾಡ್ತಿದೆ. ಸಂಜೆಯೊಳಗೆ ಒಬ್ಬ ಕೇಳುಗನ್ನ ತೋರಿಸಿ. ಇಲ್ಲಾಂದ್ರೆ ಕಾರ್ಯಕ್ರಮಾನೂ ಇಲ್ಲ, ನೀವೂ ಇಲ್ಲ!"

ಉದ್ಘೋಷಕ ಕಾಫಿ ಲೋಟ ಕೆಳಗಿಟ್ಟ. ಮೈಕಿನ ಮುಂದೆ ಕೂತೇ ತಲೆ ನರೆಸಿಕೊಂಡವನು. ತನ್ನದು ಕಂಚಿನ ಕಂಠವೆಂದು ತಾನೇ ನಂಬಿಕೊಂಡವನು. ಎದ್ದುಬಿದ್ದು ತನ್ನ ಬೀದಿಗೆ ಓಡಿದ.

ಮನೆಯಿದ್ದ ಕಟ್ಟಡದ ಕೆಳಗೆ ಕ್ಷೌರದಂಗಡಿ. "ನೀವು ರೇಡಿಯೊದಲ್ಲಿ ಮಾತಾಡ್ತೀರಾ ಸಾರ್? ನಾನು ರೇಡಿಯೊ ರಿಪೇರಿ ಅಂದ್ಕೊಂಡಿದ್ದೆ!" ಎಂದ ಕ್ಷೌರಿಕ. ಆದರೂ ಪಾಪ, ಅಟ್ಟದಿಂದ ಹಳೆಯ ಸೆಟ್ಟು ಇಳಿಸಿ, ಸೆಲ್ಲು ತುಂಬಿ, ಕಿವಿ ಹಿಂಡಿದ. ಅದು ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಎಂದಿತೇ ಹೊರತು ಮಾತಾಡಲಿಲ್ಲ.

"ಟ್ಯೂಬ್‌ಲೈಟ್ ಆರ್ಸಿ, ಅದೇ ಅಡ್ಡ ಬರೋದು," ಎಂದು ಪಕ್ಕದಂಗಡಿಯ ದರ್ಜಿ ಮೂಗು ತೂರಿಸಿದ. ಆರಿಸಿದರು. ಚಟಪಟ ನಿಲ್ಲಲಿಲ್ಲ. ಹುರುಪೇರಿದ ದರ್ಜಿ ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟ. ಕಟ್ಟಡವೆಲ್ಲ ಕತ್ತಲು, ಲಿಫ್ಟಿನೊಳಗಿಂದ ಕಿರುಚಾಟ. ಮತ್ತೆ ಸ್ವಿಚ್ಚು ಹಾಕಿದಾಗ ತರಕಾರಿ ಚೀಲದೊಂದಿಗೆ ಹೊರಬಂದವಳು ಉದ್ಘೋಷಕನ ಹೆಂಡತಿಯೇ!

"ನಿಮ್ಮ ಮಾತು ಮನೇಲಿ ಕೇಳೋದು ಸಾಲ್ದು ಅಂತ ರೇಡಿಯೊದಲ್ಲೂ ಕೇಳಿಸ್ಬೇಕಾ?"

ಅವನು ಬಾಲ ಮುದುರಿಕೊಂಡು ನಿಲಯಕ್ಕೆ ಬಂದ. "ಮೇಡಂ, ಪೇಟೆ ಸಹವಾಸ ಬೇಡ. ಹಳ್ಳಿಗೆ ಬನ್ನಿ, ನೀವೇ ನೋಡಿ," ಎಂದು ಗೋಗರೆದ.

ಜೀಪು ಪೇಟೆ ದಾಟಿತು. ಹಳ್ಳಿಯ ಅಂಚಿಗೆ ಬರುತ್ತಿದ್ದಂತೆ ಅವನ ಕಿವಿ ನೆಟ್ಟಗಾಯಿತು. ಜೋಳದ ಹೊಲಗಳ ನಡುವಿನಿಂದ, ಹಿಂದಿನ ದಿನ ಮುದ್ರಿಸಿಟ್ಟ ಅವನದೇ ದನಿ, ಸ್ಪಷ್ಟವಾಗಿ, ಒಂದಲ್ಲ, ಹೊಲಕ್ಕೊಂದು! ಅವನಿಗೆ ಹೋದ ಜೀವ ಬಂದಂತಾಯಿತು. ಎದೆ ಉಬ್ಬಿಸಿಕೊಂಡು ಬದುವಿನ ಮೇಲೆ ಕೂತಿದ್ದ ಅಜ್ಜಿಯ ಬಳಿ ಹೋದ. ಪಕ್ಕದ ಗೂಟದಲ್ಲಿ ರೇಡಿಯೊ ನೇತಾಡುತ್ತಿತ್ತು.

"ಅಜ್ಜೀ, ಈ ದನಿ ನಿಮಗೆ ಇಷ್ಟಾನಾ?"

"ಇದಿಲ್ದೆ ನಮಗೆ ಬದುಕೇ ಇಲ್ಲಪ್ಪ! ಹಾಡು ಹಾಕಿದ್ರೆ ಹತ್ರ ಬಂದು ಕೂರ್ತವೆ. ಆ ಹೆಣ್ಣುಮಗಳು ವಾರ್ತೆ ಓದಿದ್ರೆ ಕ್ಯಾರೇ ಅನ್ನಲ್ಲ. ಈ ಪುಣ್ಯಾತ್ಮ ಬಾಯಿ ಬಿಟ್ಟ ಅಂದ್ರೆ ಮಾತ್ರ ಬಾಲ ಎತ್ತಿ ಪರಾರಿ!"

"ಯಾರು ಅಜ್ಜೀ?"

"ಕೋತಿಗಳು!"

ನಿರ್ದೇಶಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಬ್ಬಿದ್ದ ಎದೆ ಟುಸ್ಸೆಂದಿತು.

"ಹೋಗ್ಲಿ ಬಿಡ್ರೀ," ಎಂದರು ಅವರು ಕಣ್ಣೊರೆಸಿಕೊಳ್ಳುತ್ತ. "ಒಂದು ಸೀಮೆಯ ಬೆಳೆ ಉಳಿಸ್ತಿರೋ ಕಾರ್ಯಕ್ರಮ ನಿಲ್ಸೋಕಾಗುತ್ತಾ? ನಿಮ್ಮ ಕೆಲ್ಸಕ್ಕೇನೂ ಭಯ ಇಲ್ಲ."

ಅವನು ಉಸ್ಸೆಂದು ಉಸಿರುಬಿಟ್ಟ. ಮಾನ ಹೋದರೆ ಹೋಯಿತು, ಅನ್ನ ಉಳಿಯಿತಲ್ಲ!

"ತಾಯೀ," ಅಜ್ಜಿ ನಿರ್ದೇಶಕಿಯ ಕೈ ಹಿಡಿದಳು, "ಹಗಲು ಕೋತಿ ಕಾಟ ಹೆಂಗೋ ನೀಗ್ತದೆ. ರಾತ್ರಿ ಹಂದಿ ಬಂದಾಗ ಬರೀ ವೀಣೆ, ಕೊಳಲು ಹಾಕ್ತೀರಿ. ಅವು ಆರಾಮಾಗಿ ತಿಂದು ಹೋಗ್ತವೆ. ಇವನ ಕೈಲಿ ರಾತ್ರಿಯೆಲ್ಲಾ ಮಾತಾಡ್ಸಿ."

ನಿರ್ದೇಶಕಿ ಅಲ್ಲಿಯೇ ಒಪ್ಪಿ ಅವನಿಗೆ ರಾತ್ರಿ ಪಾಳಿ ಹಾಕಿದರು.

ಸಂಜೆ ಈ ಸುದ್ದಿ ಕೇಳಿದ ಹೆಂಡತಿ ಗಂಡನಿಗಿಂತ ದೊಡ್ಡದಾಗಿ ಉಸಿರುಬಿಟ್ಟಳು.

"ಇನ್ಮೇಲೆ ದಿನಾ ರಾತ್ರಿ ರೇಡಿಯೊ ಸ್ಟೇಷನ್ನಲ್ಲೇನಾ? ದೇವ್ರು ದೊಡ್ಡೋನು. ನಿಮ್ಮ ಗೊರಕೆ ತಪ್ತಲ್ಲ!"