ಟಚ್‌ಪ್ಯಾಡಿನ ಹಣೆಗೆ ಗಂಧ

ನಮ್ಮ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ರಿಪೇರಿಯವನನ್ನು ಕರೆಯುವ ಪದ್ಧತಿ ಇಲ್ಲ. ನಾನಿದ್ದೇನಲ್ಲ! ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿ ಬಂದ ಮೇಲೆ ಒಂದು ಮಿಕ್ಸರ್, ಎರಡು ಇಸ್ತ್ರಿಪೆಟ್ಟಿಗೆ ನನ್ನ ಕೈಯಿಂದಲೇ ಮುಕ್ತಿ ಪಡೆದಿವೆ. ಹೀಗಾಗಿ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದಾಗಲೂ ನನಗೆ ಭಯವೇನೂ ಇರಲಿಲ್ಲ.

ಭಯ ಇದ್ದದ್ದು ನನ್ನ ಹೆಂಡತಿ ಸುಮಿತ್ರೆಗೆ. ಇಲ್ಲಿನ ಧರಮಪೇಠದ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಸೀಮೆಸುಣ್ಣ ಹಿಡಿದು ಭೂಗೋಳ ಕಲಿಸಿದವಳು ದಸರೆಯ ಮರುದಿನ ಮೊದಲ ಸಲ ಲ್ಯಾಪ್‌ಟಾಪಿನಲ್ಲಿ ನಕಾಶೆ ತೋರಿಸಿ ಪಾಠ ಮಾಡಬೇಕಿತ್ತು. ವಾರವಿಡೀ ಟಚ್‌ಪ್ಯಾಡಿನ ಮೇಲೆ ಬೆರಳಾಡಿಸಿ ಕಲಿತಿದ್ದಳು. ದಸರೆಯ ಸಂಜೆ ಕೂತರೆ ಬಾಣದ ಗುರುತು ಕದಲಲೇ ಇಲ್ಲ.

"ನೋಡ್ರೀ, ಇದು ಮುಂದ ಹೋಗವಲ್ದು."

ನಾನು ಮೌಸಿನ ಮನುಷ್ಯ, ಟಚ್‌ಪ್ಯಾಡ್ ಮುಟ್ಟಿದವನಲ್ಲ. ಆದರೂ ತೀರ್ಪು ಕೊಟ್ಟೆ: "ತಪ್ಪು ನಿನ್ನ ಬೆರಳಿಂದು. ಸುಣ್ಣ ಹಿಡಿದು ಹಿಡಿದು ಒಣಗೇತಿ. ತಡಿ, ಸ್ಪೀಡ್ ಏರಿಸ್ತೀನಿ."

ನನ್ನ ಮೌಸ್ ಸಿಕ್ಕಿಸಿ ವೇಗವನ್ನು ಅರ್ಧದಿಂದ ಮುಕ್ಕಾಲಿಗೆ, ಅಲ್ಲಿಂದ ತುದಿಗೆ ಒಯ್ದೆ. ಅವಳ ಬೆರಳಿಗೆ ಬಾಣ ಕದಲಲಿಲ್ಲ. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದಿದ್ದ ನಾಲ್ಕು ಸಾಲುಗಳನ್ನು ಅರ್ಥವಾಗದಿದ್ದರೂ ಭಕ್ತಿಯಿಂದ ಟೈಪ್ ಮಾಡಿದೆ. ಈಗ ಮೌಸಿನ ಗಾಲಿ ಕೆಳಗೆ ತಿರುಗಿಸಿದರೆ ಪುಟ ಮೇಲಕ್ಕೆ ಹೋಗತೊಡಗಿತು! ಒಂದಿದ್ದ ತೊಂದರೆ ಎರಡಾಯಿತು.

ಸುಮಿತ್ರೆ ತನ್ನ ಬೆರಳನ್ನೇ ನೋಡುತ್ತಾ ಕೂತಿದ್ದಳು. "ಬಿಡ್ರೀ. ಹೆಡ್‌ಮಿಸ್ಟ್ರೆಸ್ ಮೇಡಂಗೆ ಫೋನ್ ಮಾಡಿ ನನ್ನ ಕಡಿಂದ ಆಗಂಗಿಲ್ಲ ಅಂತ ಹೇಳ್ತೀನಿ. ಇದೆಲ್ಲಾ ನಮ್ಮಂಥವರಿಗಲ್ಲ."

ನನಗೆ ಕೆಡುಕೆನಿಸಿತು. ಆದರೆ ತೀರ್ಪು ಹಿಂತೆಗೆದುಕೊಳ್ಳುವುದು ತಜ್ಞರಿಗೆ ಸುಲಭವಲ್ಲ.

ಲ್ಯಾಪ್‌ಟಾಪ್ ಎತ್ತಿಡುವ ಮೊದಲು ಅವಳು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದಳು. ಬಾಣ ಪರದೆಯ ಈ ತುದಿಯಿಂದ ಆ ತುದಿಗೆ ಹಾರಿತು!

ಅವಳು ಬಟ್ಟೆ ನೋಡಿದಳು. ಗಂಧ! ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ.

ಹಿಂದಿನ ದಿನ ಖಂಡೇನವಮಿ. ಸ್ಕೂಟರ್, ಸ್ಕ್ರೂಡ್ರೈವರ್‌ಗಳ ಜೊತೆಗೆ ಲ್ಯಾಪ್‌ಟಾಪಿಗೂ ಆಯುಧಪೂಜೆ ಮಾಡಿದವನು ನಾನೇ. ಅದರ ಹಣೆ ಎಲ್ಲಿದೆ ಎಂದು ಹುಡುಕಿ, ಕೀಲಿಗಳ ಕೆಳಗೆ ನುಣ್ಣಗಿದ್ದ ಚೌಕವೇ ಹಣೆ ಎಂದು ನಿರ್ಧರಿಸಿ, ಮೂರು ಬೆರಳಿನಿಂದ ಧಾರಾಳವಾಗಿ ಬಳಿದಿದ್ದೆ. ಪೂಜೆಯ ಗಂಧ ಒರೆಸಬಾರದಲ್ಲ! ಅದು ಒಣಗಿ ಟಚ್‌ಪ್ಯಾಡಿನ ಬಣ್ಣದಲ್ಲೇ ಬೆರೆತುಹೋಗಿತ್ತು.

ಇಪ್ಪತ್ತೆರಡು ವರ್ಷ ಮಕ್ಕಳಿಗೆ ನದಿ, ಪರ್ವತ ತೋರಿಸಿದ ಬೆರಳನ್ನು ನಾನು ಒಂದೇ ಸಂಜೆಯಲ್ಲಿ ಕೆಲಸಕ್ಕೆ ಬಾರದ್ದು ಎಂದುಬಿಟ್ಟಿದ್ದೆ. ಅವಳು ಅದನ್ನು ನಂಬಿಯೂಬಿಟ್ಟಿದ್ದಳು. ನಿಜಕ್ಕೂ ನಾಚಿಕೆಯಾಯಿತು.

"ತಪ್ಪು ನಂದು," ಎಂದೆ. ಉಲ್ಟಾ ಆದ ಪುಟ ಸರಿಮಾಡಲು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ!" ಎಂದವಳೇ ತಾನೇ ಕೂತು ವೇಗವನ್ನು ಮೊದಲಿನ ಅರ್ಧಕ್ಕೆ ತಂದಳು. ನಾನು ಟೈಪ್ ಮಾಡಿದ್ದ ನಾಲ್ಕು ಸಾಲು ಅಳಿಸಿದಳು. "ಈಗ ಬರೋಬರ್ ಆತು ನೋಡ್ರಿ." ಹೆಡ್‌ಮಿಸ್ಟ್ರೆಸ್ ಮೇಡಂಗೆ ಫೋನ್ ಹೋಗಲಿಲ್ಲ, ಮರುದಿನ ಪಾಠವೂ ಚೆನ್ನಾಗಿ ಆಯಿತು.

ಮುಂದಿನ ವರ್ಷ ಖಂಡೇನವಮಿಗೆ ಗಂಧದ ಬಟ್ಟಲು ಹಿಡಿದು ನಿಂತಿದ್ದೆ. ಸುಮಿತ್ರೆ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹೇಳಿದಳು:

"ಗಂಧ ನಿಮ್ಮ ಹಣಿಗೇ ಹಚ್ಕೊಳ್ರಿ. ಅಲ್ಲಿ ಕೆಲಸ ನಿಂತ್ರೂ ಯಾರಿಗೂ ಗೊತ್ತಾಗಂಗಿಲ್ಲ!"